ಇ-ಪುಸ್ತಕ ಇದೆ, ಆದರೆ ಸಿಗುತ್ತಿಲ್ಲ: ಕಡತಗಳನ್ನು ತಂತ್ರಾಂಶ ಹೇಗೆ ಜೋಡಿಸಿಡಬೇಕು?

ಎಂದೋ ಡೌನ್‌ಲೋಡ್ ಮಾಡಿಟ್ಟ ಪುಸ್ತಕ ಬೇಕಾದಾಗ ಸಿಗುವುದಿಲ್ಲ. ಹುಡುಕಿ ಸಾಕಾಗಿ ಅದನ್ನೇ ಇನ್ನೊಮ್ಮೆ ಡೌನ್‌ಲೋಡ್ ಮಾಡಿಕೊಳ್ಳುತ್ತೇವೆ. ಕೆಲವು ತಿಂಗಳ ನಂತರ ನೋಡಿದರೆ ಒಂದೇ ಪುಸ್ತಕದ ಮೂರು ಪ್ರತಿಗಳು ಮೂರು ಹೆಸರಿನಲ್ಲಿ ಮೂರು ಕಡೆ ಕೂತಿರುತ್ತವೆ. ಇ-ಪುಸ್ತಕ ಓದುವ ಹೆಚ್ಚಿನವರಿಗೆ ಇದು ಹೊಸ ಅನುಭವವೇನಲ್ಲ.

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾತ ನಿವೃತ್ತ ಮೇಷ್ಟ್ರು. ಹಳೆಯ ಕಾದಂಬರಿಗಳ ಸ್ಕ್ಯಾನ್ ಪ್ರತಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡಿದ್ದಾರೆ, ಜೊತೆಗೆ 'ನುಡಿ'ಯಲ್ಲಿ ಟೈಪ್ ಮಾಡಿದ ತಮ್ಮದೇ ಲೇಖನಗಳಿವೆ. ಮಗಳು ಫೋನಿನಲ್ಲಿ ಇಪಬ್ ಪುಸ್ತಕ ಓದುತ್ತಾಳೆ. ಮೊಮ್ಮಗನ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ವಾಟ್ಸಾಪ್ ಮೂಲಕ ಬರುತ್ತವೆ. ಎಲ್ಲವನ್ನೂ ಸೇರಿಸಿ ಒಂದು ಹಾರ್ಡ್‌ಡಿಸ್ಕಿಗೆ ತುಂಬಿದರೆ ಸಾವಿರ ಕಡತಗಳಾಗುತ್ತವೆ ಎಂದುಕೊಳ್ಳಿ. ಈ ಸಾವಿರದಲ್ಲಿ ಬೇಕಾದ ಒಂದನ್ನು ಅರ್ಧ ನಿಮಿಷದಲ್ಲಿ ಹುಡುಕುವುದು ಹೇಗೆ? ಹತ್ತು ವರ್ಷದ ನಂತರ, ಕಂಪ್ಯೂಟರ್ ಬದಲಾದ ಮೇಲೂ ಅದು ಸಿಗಬೇಕಾದರೆ ಏನು ಮಾಡಬೇಕು?

ಇದಕ್ಕೆಂದೇ ಇ-ಪುಸ್ತಕ ನಿರ್ವಹಣೆಯ ತಂತ್ರಾಂಶಗಳಿವೆ. ಅವು ಕಡತಗಳನ್ನು ಎಲ್ಲಿ, ಯಾವ ಹೆಸರಿನಲ್ಲಿ, ಯಾವ ಕ್ರಮದಲ್ಲಿ ಇಡಬೇಕು ಎನ್ನುವುದು ನೋಡಲು ಸಣ್ಣ ಪ್ರಶ್ನೆ. ಆದರೆ ಉತ್ತರ ತಪ್ಪಾದರೆ ಪುಸ್ತಕ ಇದ್ದೂ ಇಲ್ಲದಂತಾಗುತ್ತದೆ. ಕನ್ನಡದ ಓದುಗರಿಗಂತೂ ಇದು ಇನ್ನೂ ಮುಖ್ಯ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಪುಸ್ತಕಗಳು ಒಂದೇ ಅಂಗಡಿಯಿಂದ ಅಚ್ಚುಕಟ್ಟಾಗಿ ಬಂದವಲ್ಲ. ಸ್ಕ್ಯಾನ್ ಸಂಗ್ರಹಗಳು, ಸರ್ಕಾರಿ ಜಾಲತಾಣಗಳು, ಪ್ರಕಾಶಕರ ಆಪ್‌ಗಳು, ಗೆಳೆಯರ ಪೆನ್‌ಡ್ರೈವ್ ಹೀಗೆ ಹತ್ತು ದಿಕ್ಕಿನಿಂದ ಬಂದಿವೆ. ಜೋಡಿಸುವ ಹೊಣೆ ಓದುಗರ ಮೇಲೆಯೇ ಬೀಳುತ್ತದೆ.

ಪುಸ್ತಕ ಎಂದರೆ ಬರೀ ಒಂದು ಕಡತವೇ?

ಕಂಪ್ಯೂಟರಿನಲ್ಲಿರುವ ಪ್ರತಿ ಪುಸ್ತಕಕ್ಕೂ ಮೂರು ಸಂಗತಿಗಳು ಸೇರಿರುತ್ತವೆ. ಮೊದಲನೆಯದು ಕಡತದ ಒಳಗಿನ ಹೂರಣ, ಅಂದರೆ ಪುಟಗಳು. ಎರಡನೆಯದು ಅದರ ವಿವರ: ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಭಾಷೆ, ವಿಷಯ. ಇದನ್ನು ಮೆಟಾಡೇಟಾ ಎನ್ನುತ್ತಾರೆ. ಮೂರನೆಯದು ಕಡತ ಇರುವ ಜಾಗ, ಅಂದರೆ ಯಾವ ಡಿಸ್ಕಿನ ಯಾವ ಫೋಲ್ಡರ್ ಎನ್ನುವುದು.

ಈ ಮೂರನ್ನೂ ಬೆರೆಸಿಬಿಡುವುದೇ ಗೊಂದಲದ ಮೂಲ. ನಾವು ಸಾಮಾನ್ಯವಾಗಿ ಕಡತದ ಹೆಸರನ್ನೇ ವಿವರ ಎಂದುಕೊಳ್ಳುತ್ತೇವೆ, ಫೋಲ್ಡರನ್ನೇ ವಿಷಯ ಎಂದುಕೊಳ್ಳುತ್ತೇವೆ. ಕಡತದ ಹೆಸರು 'ಸ್ಕ್ಯಾನ್ 0047' ಎಂದಿದ್ದರೆ ಒಳಗೆ ಮಾಸ್ತಿಯವರ ಕಥೆಗಳಿದ್ದರೂ ಗೊತ್ತಾಗುವುದಿಲ್ಲ.

ವಿವರದ ಬೆಲೆ ಎಷ್ಟು ಎಂದು ತಿಳಿಯಲು ಮೈಸೂರಿನ ಒಂದು ಘಟನೆ ಸಾಕು. ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಕರೆಯುವ ಸಂಸ್ಥೆ 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಶುರುವಾಯಿತು. ಅಲ್ಲಿಗೆ ಬಂದು ಸೇರಿದ್ದ ತಾಳೆಗರಿಗಳ ಕಟ್ಟೊಂದನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಗರಿಗಳು ಮೊದಲೂ ಇದ್ದವು. ಅವುಗಳ ಮೇಲೆ ಸರಿಯಾದ ಹೆಸರು ಬಿದ್ದ ಮೇಲೆಯೇ ಆ ಗ್ರಂಥ ಜಗತ್ತಿಗೆ ಸಿಕ್ಕಿತು.

ಫೋಲ್ಡರ್ ಮಾಡಿಟ್ಟರೆ ಸಾಲದೇ?

ಹೆಚ್ಚಿನವರ ನಂಬಿಕೆ ಇದು: ಕಥೆ, ಕಾದಂಬರಿ, ಕವನ, ವಿಜ್ಞಾನ ಎಂದು ಫೋಲ್ಡರ್ ಮಾಡಿ ಅದರೊಳಗೆ ಲೇಖಕರ ಹೆಸರಿನ ಫೋಲ್ಡರ್ ಮಾಡಿದರೆ ಮುಗಿಯಿತು. ಐವತ್ತು ಪುಸ್ತಕಗಳಿದ್ದಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಐನೂರು ಆದಾಗ ತೊಡಕು ಶುರುವಾಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ಎಲ್ಲಿ ಇಡುತ್ತೀರಿ? ಕಾದಂಬರಿ ಎಂದೇ? ಪರಿಸರ ಎಂದೇ? ಮಲೆನಾಡು ಎಂದೇ? ಮಗಳು ಒಂದು ಕಡೆ ಇಟ್ಟಿರುತ್ತಾಳೆ, ತಾತ ಇನ್ನೊಂದು ಕಡೆ ಹುಡುಕುತ್ತಾರೆ. ಎರಡೂ ಕಡೆ ನಕಲು ಇಟ್ಟರೆ ಒಂದರಲ್ಲಿ ಮಾಡಿದ ಟಿಪ್ಪಣಿ ಇನ್ನೊಂದರಲ್ಲಿ ಇರುವುದಿಲ್ಲ.

ಈ ಸಮಸ್ಯೆ ಕಂಪ್ಯೂಟರಿಗಿಂತ ಹಳೆಯದು. ಕಾಗದದ ಪುಸ್ತಕವನ್ನು ಒಂದು ಕಪಾಟಿನ ಒಂದು ಜಾಗದಲ್ಲಿ ಮಾತ್ರ ಇಡಬಹುದು. ಅದರ ವಿಷಯಗಳು ಮಾತ್ರ ಹಲವು. ಇದನ್ನು ಆಳವಾಗಿ ಯೋಚಿಸಿದವರು ಎಸ್.ಆರ್. ರಂಗನಾಥನ್. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ, ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿಯೇ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಒಂದು ವಿಷಯವನ್ನು ಒಂದೇ ಡಬ್ಬಿಗೆ ತುರುಕುವ ಬದಲು ಅದರ ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಎನ್ನುವುದು ಅವರ ವಿಧಾನದ ತಿರುಳು. ಯಾವುದರ ಬಗ್ಗೆ, ಯಾವ ಜಾಗದ್ದು, ಯಾವ ಕಾಲದ್ದು ಎಂಬ ಮುಖಗಳನ್ನು ಬರೆದುಕೊಂಡು ಕೋಲನ್‌ನಂಥ ಚಿಹ್ನೆಗಳಿಂದ ಜೋಡಿಸುತ್ತಿದ್ದರು. (ಅದೇ ಕೋಲನ್ ಚಿಹ್ನೆಯನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಬಳಸಲು ಬಿಡುವುದಿಲ್ಲ ಎಂಬುದು ಬೇರೆ ಮಾತು.)

ಇಂದಿನ ತಂತ್ರಾಂಶಗಳಲ್ಲಿ ಇದಕ್ಕೆ ಟ್ಯಾಗ್ ಎನ್ನುತ್ತೇವೆ. ಒಂದು ಪುಸ್ತಕಕ್ಕೆ ಹತ್ತು ಟ್ಯಾಗ್ ಹಾಕಬಹುದು, ಕಡತ ಮಾತ್ರ ಒಂದೇ. 'ಕರ್ವಾಲೊ' ಕಾದಂಬರಿ ಎಂದು ಹುಡುಕಿದಾಗಲೂ ಸಿಗುತ್ತದೆ, ಮಲೆನಾಡು ಎಂದಾಗಲೂ ಸಿಗುತ್ತದೆ. ಅಂದರೆ ಜೋಡಣೆ ನಡೆಯಬೇಕಾದ್ದು ಫೋಲ್ಡರ್‌ಗಳಲ್ಲಲ್ಲ, ವಿವರಗಳಲ್ಲಿ.

ತಂತ್ರಾಂಶಗಳು ಈಗ ಮಾಡುತ್ತಿರುವುದೇನು?

ಇ-ಪುಸ್ತಕ ಅಥವಾ ಲೇಖನಗಳನ್ನು ನಿರ್ವಹಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ.

ಮೊದಲ ದಾರಿಯಲ್ಲಿ ಕಡತಗಳನ್ನು ಇದ್ದಲ್ಲೇ ಬಿಟ್ಟು, ಅವು ಎಲ್ಲಿವೆ ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುವುದು. ಬಳಕೆದಾರರಿಗೆ ಇದು ಇಷ್ಟ, ಏಕೆಂದರೆ ಅವರ ಫೋಲ್ಡರ್ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ. ಆದರೆ ಯಾರಾದರೂ ಒಂದು ಫೋಲ್ಡರಿನ ಹೆಸರು ಬದಲಿಸಿದರೂ ಪಟ್ಟಿಯ ಕೊಂಡಿ ಕಳಚುತ್ತದೆ.

ಎರಡನೆಯ ದಾರಿಯಲ್ಲಿ ಪ್ರತಿ ಕಡತಕ್ಕೂ ಅರ್ಥವಿಲ್ಲದ ಒಂದು ಗುರುತು ಕೊಟ್ಟು ಆ ಹೆಸರಿನ ಫೋಲ್ಡರಿನಲ್ಲಿ ಇಡುವುದು. ಸಂಶೋಧನಾ ವಿದ್ಯಾರ್ಥಿಗಳು ಬಳಸುವ ಝೊಟೆರೊ ಹೀಗೆ ಮಾಡುತ್ತದೆ. ಎಂಟು ಅಕ್ಷರಗಳ ಗುರುತಿನ ಫೋಲ್ಡರ್‌ಗಳು ಸಾಲಾಗಿ ನಿಂತಿರುತ್ತವೆ. ಶೀರ್ಷಿಕೆ ತಿದ್ದಿದರೂ ಫೋಲ್ಡರ್ ಕದಲುವುದಿಲ್ಲ. ಆದರೆ ತಂತ್ರಾಂಶವಿಲ್ಲದೆ ಆ ರಾಶಿಯನ್ನು ತೆರೆದರೆ ಯಾವುದು ಎಲ್ಲಿದೆ ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಮೂರನೆಯದು ಕ್ಯಾಲಿಬರ್‌ನ ದಾರಿ. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಸೋನಿ ಕಂಪನಿಯ ಓದುಸಾಧನಕ್ಕಾಗಿ ಬರೆಯಲು ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಇದು ನಾವು ಸೇರಿಸಿದ ಪುಸ್ತಕದ ಒಂದು ನಕಲನ್ನು ತನ್ನದೇ ಗ್ರಂಥಾಲಯದ ಫೋಲ್ಡರಿಗೆ ತೆಗೆದುಕೊಳ್ಳುತ್ತದೆ. ಅಲ್ಲಿ ಲೇಖಕರ ಹೆಸರಿನ ಫೋಲ್ಡರ್, ಅದರೊಳಗೆ ಶೀರ್ಷಿಕೆ ಮತ್ತು ಒಂದು ಕ್ರಮಸಂಖ್ಯೆಯಿರುವ ಫೋಲ್ಡರ್, ಅದರೊಳಗೆ ಪುಸ್ತಕ, ಮುಖಪುಟದ ಚಿತ್ರ ಮತ್ತು ವಿವರಗಳ ಒಂದು ಪುಟ್ಟ ಕಡತ ಇರುತ್ತವೆ. ಒಂದೇ ಪುಸ್ತಕದ ಇಪಬ್ ಮತ್ತು ಪಿಡಿಎಫ್ ಎರಡೂ ಒಂದೇ ದಾಖಲೆಯಡಿ ಬರುತ್ತವೆ. ಇಡೀ ಸಂಗ್ರಹದ ಪಟ್ಟಿ ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತವೊಂದರಲ್ಲಿರುತ್ತದೆ.

'ನನ್ನ ಫೋಲ್ಡರ್ ವ್ಯವಸ್ಥೆಯನ್ನು ಕ್ಯಾಲಿಬರ್ ಹಾಳು ಮಾಡುತ್ತದೆ' ಎಂಬುದು ಹೊಸಬರ ಸಾಮಾನ್ಯ ದೂರು. ನಿಜವಾಗಿ ಅದು ನಿಮ್ಮ ಮೂಲ ಫೋಲ್ಡರ್‌ಗಳನ್ನು ಮುಟ್ಟುವುದಿಲ್ಲ, ನಕಲನ್ನಷ್ಟೇ ತನ್ನ ಕ್ರಮದಲ್ಲಿ ಇಡುತ್ತದೆ. ಆ ಕ್ರಮವನ್ನು ಬದಲಿಸಲು ಬಿಡದಿರುವುದಕ್ಕೂ ಕಾರಣವಿದೆ. ಅದು ಯಂತ್ರದ ಅನುಕೂಲಕ್ಕಾಗಿ ಮಾಡಿದ ಕಪಾಟು, ನಾವು ನೋಡಬೇಕಾದ್ದು ಪಟ್ಟಿಯನ್ನು. ನಮಗೆ ಬೇಕಾದ ಫೋಲ್ಡರ್ ಕ್ರಮದಲ್ಲೇ ಪುಸ್ತಕಗಳು ಬೇಕಿದ್ದರೆ ಬೇರೆಡೆಗೆ ರಫ್ತು ಮಾಡುವ ಸೌಲಭ್ಯ ಅದರಲ್ಲಿದೆ.

ವಿವರ ಎಲ್ಲಿರಬೇಕು?

ಜೋಡಣೆ ವಿವರಗಳಲ್ಲಿರಬೇಕು ಎಂದೆವು. ಹಾಗಾದರೆ ಆ ವಿವರಗಳು ಎಲ್ಲಿರಬೇಕು? ಡೇಟಾಬೇಸಿನಲ್ಲೇ? ಪುಸ್ತಕದ ಒಳಗೇ? ಪುಸ್ತಕದ ಪಕ್ಕದಲ್ಲೇ?

ಡೇಟಾಬೇಸಿನಲ್ಲಿದ್ದರೆ ಹುಡುಕಾಟ ಬಹಳ ವೇಗ. ಆದರೆ ಆ ಒಂದು ಕಡತ ಕೆಟ್ಟರೆ ವರ್ಷಗಟ್ಟಲೆ ಮಾಡಿದ ಜೋಡಣೆಯೆಲ್ಲ ಹೋಯಿತು. ಪುಸ್ತಕದ ಒಳಗೆ ಇಡುವುದು ಎರಡನೆಯ ಆಯ್ಕೆ. ಇಪಬ್ ಎಂದರೆ ಒಳಗೆ ಹಲವು ಕಡತಗಳಿರುವ ಒಂದು ಜಿಪ್ ಗಂಟು. ಅದರಲ್ಲಿ ಶೀರ್ಷಿಕೆ, ಲೇಖಕ, ಭಾಷೆಗಳನ್ನು ಬರೆಯಲು ಒಪಿಎಫ್ ಎಂಬ ಕಡತವೇ ಇದೆ. ಪಿಡಿಎಫ್‌ನಲ್ಲೂ ಜಾಗವಿದೆ, ಆದರೆ ಸ್ಕ್ಯಾನ್ ಪ್ರತಿಗಳಲ್ಲಿ ಅದು ಹೆಚ್ಚಾಗಿ ಖಾಲಿ, ಇಲ್ಲವೇ ಸ್ಕ್ಯಾನರಿನ ಹೆಸರು ಕೂತಿರುತ್ತದೆ. ಪಕ್ಕದಲ್ಲಿ ಪುಟ್ಟ ಪಠ್ಯಕಡತವಾಗಿ ಇಡುವುದು ಮೂರನೆಯ ಆಯ್ಕೆ.

ಕ್ಯಾಲಿಬರ್‌ನಲ್ಲಿ ನೀವು ಶೀರ್ಷಿಕೆ ತಿದ್ದಿದರೆ ಅದು ತಕ್ಷಣ ಡೇಟಾಬೇಸಿಗೆ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಒಪಿಎಫ್ ಕಡತಕ್ಕೂ ಹೋಗುತ್ತದೆ. ಪುಸ್ತಕದ ಒಳಗೆ ಮಾತ್ರ ತಾನಾಗಿ ಹೋಗುವುದಿಲ್ಲ. ರಫ್ತು ಮಾಡುವಾಗ, ಸಾಧನಕ್ಕೆ ಕಳಿಸುವಾಗ ಅಥವಾ ನೀವೇ ಹೇಳಿದಾಗ ಸೇರುತ್ತದೆ. ಇದನ್ನು ತಿಳಿಯದೆ ಗ್ರಂಥಾಲಯದ ಫೋಲ್ಡರಿನಿಂದ ನೇರವಾಗಿ ಇಪಬ್ ಎತ್ತಿ ಗೆಳೆಯರಿಗೆ ಕೊಟ್ಟರೆ ಹಳೆಯ ತಪ್ಪು ಹೆಸರೇ ಹೋಗುತ್ತದೆ. ಆದರೆ ಪಕ್ಕದ ಒಪಿಎಫ್ ಕಡತಗಳಿಂದ ದೊಡ್ಡ ಲಾಭವಿದೆ. ಡೇಟಾಬೇಸ್ ಕೆಟ್ಟರೂ ಅವನ್ನೆಲ್ಲ ಓದಿ ಪಟ್ಟಿಯನ್ನು ಮತ್ತೆ ಕಟ್ಟಬಹುದು.

ಇದು ಎಷ್ಟು ಮುಖ್ಯ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆಯಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾತ್ರ ದೊಡ್ಡದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಹಳೆಯ ಪುಸ್ತಕಗಳನ್ನು ಅದರಡಿ ಸ್ಕ್ಯಾನ್ ಮಾಡಿದರು. ಪುಟಗಳು ಸಿಕ್ಕವು, ಹೆಸರುಗಳು ಮಾತ್ರ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡಿದವು. ರೋಮನ್ ಲಿಪಿಗೆ ಹೋದರೆ 'ಲ' ಮತ್ತು 'ಳ' ಒಂದೇ, 'ತ' ಮತ್ತು 'ಟ' ಒಂದೇ, 'ನ' ಮತ್ತು 'ಣ' ಒಂದೇ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಅಲ್ಲಿ 'ಮರಲಿ ಮನ್ನಿಗೆ' ಎಂದಾಗುತ್ತದೆ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದವರಿಗೆ ಇದು ಸಿಗುವುದಿಲ್ಲ.

'ಸಂಚಯ' ತಂಡ ಈ ಕೊರತೆ ತುಂಬಲು 'ಪುಸ್ತಕ ಸಂಚಯ'ವನ್ನು ರೂಪಿಸಿತು. ಈ ಯೋಜನೆಯ ಹಾಗೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದ ಕನ್ನಡ ಪುಸ್ತಕಗಳ ಹೆಸರುಗಳನ್ನು ಸ್ವಯಂಸೇವಕರ ನೆರವಿನಿಂದ ಕನ್ನಡ ಲಿಪಿಗೆ ತಂದು ಹುಡುಕುವಂತೆ ಮಾಡಿತು. ಹೊಸದಾಗಿ ಒಂದು ಪುಟವನ್ನೂ ಸ್ಕ್ಯಾನ್ ಮಾಡದೆ, ಹೆಸರು ಸರಿಪಡಿಸಿದ್ದರಿಂದಲೇ ಪುಸ್ತಕಗಳು ಓದುಗರಿಗೆ ಸಿಕ್ಕವು. ಮುಂದೆ ಮೂಲ ಯೋಜನೆಯ ಜಾಲತಾಣ ನಿಂತುಹೋಯಿತು. ಅಲ್ಲಿನ ಪುಸ್ತಕಗಳ ದೊಡ್ಡ ಪಾಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿದೆ, ಹಳೆಯ ರೋಮನ್ ಹೆಸರುಗಳೂ ಜೊತೆಗೇ ಬಂದಿವೆ. ಜಾಲತಾಣ ಹೋದರೂ ಕಡತದ ಜೊತೆ ಇದ್ದ ವಿವರ ಉಳಿಯುತ್ತದೆ, ಸರಿಯಿದ್ದರೆ ಸರಿಯಾಗಿ, ತಪ್ಪಿದ್ದರೆ ತಪ್ಪಾಗಿ.

ಕನ್ನಡದ ಹೆಸರುಗಳಿಗೆ ಏನು ತೊಂದರೆ?

ಹೆಸರುಗಳನ್ನು ಕನ್ನಡದಲ್ಲೇ ಬರೆದರೆ ಎಲ್ಲ ಸರಿಹೋಗುತ್ತದೆಯೇ? ಪೂರ್ತಿಯಾಗಿ ಇಲ್ಲ. ತಂತ್ರಾಂಶ ಬರೆಯುವವರು ಗಮನಿಸಬೇಕಾದ ಕೆಲವು ಸೂಕ್ಷ್ಮಗಳಿವೆ.

'ಗೊಟ್ಟಿಗೆರೆ' ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಎಲ್ಲ ಸೇರಿ 10 ಸಂಕೇತಗಳು. ಇಂದು ವ್ಯಾಪಕವಾಗಿರುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಹಾಗಾಗಿ ಒಟ್ಟು 30 ಬೈಟ್. ಲಿನಕ್ಸ್‌ನಲ್ಲಿ ಕಡತದ ಒಂದು ಹೆಸರಿಗೆ ಸಾಮಾನ್ಯವಾಗಿ ಸಿಗುವುದು 255 ಬೈಟ್. ಇಂಗ್ಲಿಷಿನಲ್ಲಿ 255 ಅಕ್ಷರ ಹಿಡಿಸುವ ಜಾಗದಲ್ಲಿ ಕನ್ನಡದ 85 ಸಂಕೇತಗಳಷ್ಟೇ ಹಿಡಿಸುತ್ತವೆ. 'ಸಮಗ್ರ ಸಾಹಿತ್ಯ ಸಂಪುಟ' ಮಾದರಿಯ ಉದ್ದ ಶೀರ್ಷಿಕೆಗೆ ಉಪಶೀರ್ಷಿಕೆ ಮತ್ತು ಸಂಪಾದಕರ ಹೆಸರು ಸೇರಿಸಿದರೆ ಮಿತಿ ಮೀರುತ್ತದೆ. ತಂತ್ರಾಂಶ ಎಚ್ಚರವಿಲ್ಲದೆ ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ತುಂಡಾಗಬಹುದು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. 'ಗೊ' ಎಂಬುದನ್ನು ಎರಡು ರೀತಿ ದಾಖಲಿಸಬಹುದು. 'ಗ' ಜೊತೆಗೆ 'ಒ' ಸ್ವರದ ಒಂದೇ ಚಿಹ್ನೆ ಒಂದು ರೀತಿ. 'ಗ' ಜೊತೆಗೆ 'ಎ' ಸ್ವರದ ಚಿಹ್ನೆ ಮತ್ತು 'ಊ' ಸ್ವರದ ಚಿಹ್ನೆ ಸೇರಿಸುವುದು ಇನ್ನೊಂದು ರೀತಿ. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಬೈಟ್‌ಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ. ಮ್ಯಾಕ್ ಕಂಪ್ಯೂಟರ್‌ಗಳ ಹಿಂದಿನ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿ ಇಡುತ್ತಿತ್ತು, ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟಂತೆಯೇ ಇಡುತ್ತವೆ. ಹೀಗಾಗಿ ಮ್ಯಾಕಿನಿಂದ ಬಂದ ಡಿಸ್ಕಿನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಪಕ್ಕಪಕ್ಕ ಕಂಡರೆ ಅದು ಭ್ರಮೆಯಲ್ಲ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವುದು ತಂತ್ರಾಂಶದ ಕೆಲಸ.

'ರಾಜ್‌ಕುಮಾರ್' ಎಂಬ ಹೆಸರಿನಲ್ಲೂ ಇಂಥದ್ದೇ ಕಾಣದ ಸಂಕೇತವಿದೆ. 'ಜ'ಗೆ 'ಕ' ಒತ್ತಾಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಸಂಕೇತ ಕೂತಿರುತ್ತದೆ. ಅದನ್ನು ಹಾಕದೆ ಹುಡುಕಿದವರಿಗೂ ಪುಸ್ತಕ ಸಿಗಬೇಕು.

ಅಕಾರಾದಿ ಕ್ರಮದ್ದು ಮತ್ತೊಂದು ಕಥೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ ಬರುತ್ತದೆ, ಯೂನಿಕೋಡ್ ಕೋಷ್ಟಕದಲ್ಲಿ 'ಲ' ಪಕ್ಕದಲ್ಲೇ ಇದೆ. ಬರೀ ಸಂಕೇತ ಸಂಖ್ಯೆಯ ಪ್ರಕಾರ ಜೋಡಿಸಿದರೆ 'ಕಳ್ಳ' ಮೊದಲು, 'ಕವಿ' ಆಮೇಲೆ ಬರುತ್ತದೆ. ನಿಘಂಟಿನಲ್ಲಿ ಇದು ತಿರುಗುಮುರುಗು. ಸಂಪುಟಗಳದ್ದೂ ಇದೇ ಪಾಡು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದಲ್ಲಿ 14 ಸಂಪುಟಗಳಿವೆ. ಸಂಖ್ಯೆಯನ್ನು ಶೀರ್ಷಿಕೆಯಲ್ಲೇ ಬರೆದರೆ ಬಹಳಷ್ಟು ತಂತ್ರಾಂಶಗಳು 1ರ ನಂತರ 10, 11 ತೋರಿಸಿ 2ನ್ನು ಆಮೇಲೆ ತೋರಿಸುತ್ತವೆ. ಸಂಪುಟ ಸಂಖ್ಯೆಗೆ ಬೇರೆ ಖಾನೆ ಇರಬೇಕು, ಅದನ್ನು ಸಂಖ್ಯೆಯಾಗಿಯೇ ದಾಖಲಿಸಬೇಕು.

ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ತಯಾರಾದ ಪಿಡಿಎಫ್‌ಗಳ ಕಷ್ಟ ಇನ್ನೂ ಬೇರೆ. ಯೂನಿಕೋಡ್ ಬಳಕೆಗೆ ಮೊದಲಿನ ಆ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ ಅಂದವಾದ ಕನ್ನಡ, ನಕಲು ಮಾಡಿ ಅಂಟಿಸಿದರೆ ಅರ್ಥವಾಗದ ಕಲಸುಮೇಲೋಗರ. ಇಂಥ ಪುಸ್ತಕದ ಒಳಗಿನ ಪದಗಳನ್ನು ಹುಡುಕಲಾಗುವುದಿಲ್ಲ. ಹಾಗಾಗಿ ಹೊರಗಿನ ವಿವರವನ್ನಾದರೂ ಯೂನಿಕೋಡ್‌ನಲ್ಲಿ ಬರೆದಿಡಲೇಬೇಕು.

ಲೇಖಕರ ಹೆಸರು ಯಾವುದು?

ಇಂಗ್ಲಿಷ್ ರೂಢಿಯಲ್ಲಿ ಹೆಸರಿನ ಕೊನೆಯ ಪದವನ್ನು ಮೊದಲಿಗೆ ತಂದು ಪಟ್ಟಿ ಮಾಡುತ್ತಾರೆ. ಹಲವು ತಂತ್ರಾಂಶಗಳು ಇದನ್ನೇ ಎಲ್ಲರಿಗೂ ಅನ್ವಯಿಸುತ್ತವೆ. 'ಎಸ್.ಎಲ್. ಭೈರಪ್ಪ' ಹೀಗೆ 'ಭೈರಪ್ಪ' ಎಂದಾದರೆ ಅನುಕೂಲವೇ. ಆದರೆ 'ಮಾಸ್ತಿ ವೆಂಕಟೇಶ ಅಯ್ಯಂಗಾರ್' ಪಟ್ಟಿಯಲ್ಲಿ 'ಅಯ್ಯಂಗಾರ್' ಅಡಿಯಲ್ಲಿ ಕೂತರೆ ಯಾವ ಕನ್ನಡಿಗರು ಅಲ್ಲಿ ಹುಡುಕುತ್ತಾರೆ? ನಮಗೆ ಅವರು ಮಾಸ್ತಿ. ಅವರೇ 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲೂ ಬರೆದರು. ಬೇಂದ್ರೆ 'ಅಂಬಿಕಾತನಯದತ್ತ', ಅನಸೂಯಾ ಶಂಕರ್ 'ತ್ರಿವೇಣಿ', ಕೆ.ವಿ. ಪುಟ್ಟಪ್ಪ 'ಕುವೆಂಪು'.

ಫೋಲ್ಡರನ್ನೇ ನಂಬಿದರೆ ಒಬ್ಬರೇ ಲೇಖಕರು ಮೂರು ಫೋಲ್ಡರಿಗೆ ಹಂಚಿಹೋಗುತ್ತಾರೆ. ಗ್ರಂಥಪಾಲಕರು ಇದಕ್ಕೆ ಹಿಂದೆಯೇ ದಾರಿ ಕಂಡುಕೊಂಡಿದ್ದರು. ಒಂದು ಹೆಸರನ್ನು ಮುಖ್ಯ ಎಂದು ಒಪ್ಪಿ, ಉಳಿದವುಗಳಿಂದ ಅದಕ್ಕೆ ಕೈಮರ ಹಾಕುವುದು. ಮೆಟ್ರೊ ಗುಲಾಬಿ ಮಾರ್ಗದ ದಕ್ಷಿಣ ತುದಿಯ ನಿಲ್ದಾಣವನ್ನು ಮೊದಲು ಗೊಟ್ಟಿಗೆರೆ ಎನ್ನುತ್ತಿದ್ದರು, ಆಮೇಲೆ ಕಾಳೇನ ಅಗ್ರಹಾರ ಎಂದಾಯಿತು. ಹಳೆಯ ವರದಿ ಓದಿದವರು ಹಳೆಯ ಹೆಸರಿನಲ್ಲೇ ಹುಡುಕುತ್ತಾರೆ. ನಕ್ಷೆ ಎರಡನ್ನೂ ಒಂದೇ ಜಾಗಕ್ಕೆ ಒಯ್ದರೆ ಸಮಸ್ಯೆಯೇ ಇಲ್ಲ. ಪುಸ್ತಕದ ತಂತ್ರಾಂಶವೂ ಲೇಖಕರ ವಿಷಯದಲ್ಲಿ ಹಾಗೆಯೇ ಇರಬೇಕು.

ಒಂದೇ ಪುಸ್ತಕದ ನಾಲ್ಕು ಪ್ರತಿ

ಹೆಸರು ಬೇರೆಯಾದರೂ ಒಳಗಿರುವುದು ಒಂದೇ ಕಡತ ಎಂದು ತಿಳಿಯುವುದು ಹೇಗೆ? ಕಡತದ ಎಲ್ಲ ಬೈಟ್‌ಗಳನ್ನು ಲೆಕ್ಕಕ್ಕೆ ಹಾಕಿ ಒಂದು ಬೆರಳಚ್ಚು ತೆಗೆಯಬಹುದು. ಎಸ್‌ಎಚ್‌ಎ-256 ಅಂಥ ಒಂದು ವಿಧಾನ. ಎರಡು ಕಡತಗಳ ಬೆರಳಚ್ಚು ಒಂದೇ ಆಗಿದ್ದರೆ ಅವು ಒಂದೇ ಕಡತದ ನಕಲುಗಳು. ಹತ್ತು ವರ್ಷದ ನಂತರ ಬೆರಳಚ್ಚು ಬದಲಾಗಿದ್ದರೆ ಕಡತ ಎಲ್ಲೋ ಕೆಟ್ಟಿದೆ, ಅಥವಾ ಯಾರೋ ಬದಲಿಸಿದ್ದಾರೆ.

ಇಲ್ಲೊಂದು ಇಕ್ಕಟ್ಟಿದೆ. ಪುಸ್ತಕದ ಒಳಗೆ ವಿವರ ತಿದ್ದಿದರೆ, ಒಂದು ಅಲ್ಪವಿರಾಮ ಬದಲಾದರೂ, ಬೆರಳಚ್ಚು ಬೇರೆಯಾಗುತ್ತದೆ. ವಿವರ ಒಳಗಿದ್ದರೆ ಪುಸ್ತಕ ಎಲ್ಲಿಗೆ ಹೋದರೂ ಹೆಸರು ಜೊತೆಗಿರುತ್ತದೆ, ಆದರೆ ಮೂಲ ಪ್ರತಿ ಎಂಬ ಗುರುತು ಹೋಗುತ್ತದೆ. ನಮಗೆ ಸರಿ ಎನಿಸುವುದು ಹೀಗೆ: ಬಂದ ದಿನವೇ ಬೆರಳಚ್ಚು ತೆಗೆದಿಟ್ಟು, ಮೂಲ ಕಡತವನ್ನು ಮುಟ್ಟದೆ, ವಿವರವನ್ನು ಪಕ್ಕದಲ್ಲಿ ಬರೆಯಬೇಕು. ಹೊರಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಒಳಗೆ ಸೇರಿಸಬೇಕು. ಅಪರೂಪದ ಹಳೆಯ ಸ್ಕ್ಯಾನ್‌ಗಳಿಗಂತೂ ಇದು ಅಗತ್ಯ.

ಕ್ಲೌಡ್‌ನಲ್ಲಿದ್ದರೆ ಸುರಕ್ಷಿತವೇ?

'ಎಲ್ಲ ಡ್ರೈವ್‌ನಲ್ಲಿದೆ, ಚಿಂತೆಯಿಲ್ಲ' ಎಂಬುದು ಇನ್ನೊಂದು ಜನಪ್ರಿಯ ನಂಬಿಕೆ. ಆದರೆ ಸಿಂಕ್ ಮಾಡುವುದು ಬೇರೆ, ಬ್ಯಾಕಪ್ ಇಡುವುದು ಬೇರೆ. ಸಿಂಕ್ ಎಂದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಡೇಟಾಬೇಸ್ ಕಡತವನ್ನು ಎರಡು ಕಂಪ್ಯೂಟರ್‌ಗಳು ಏಕಕಾಲಕ್ಕೆ ತೆರೆದು ಸಿಂಕ್ ಮಾಡಿದರೆ ಅದು ಕೆಡುವ ಅಪಾಯವಿದೆ. ಗ್ರಂಥಾಲಯವನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿ ಇಡಬೇಡಿ ಎಂದು ಕ್ಯಾಲಿಬರ್ ತನ್ನ ಕೈಪಿಡಿಯಲ್ಲೇ ಎಚ್ಚರಿಸುತ್ತದೆ.

ಅಂಗಡಿಯ ಖಾತೆಯಲ್ಲಿ 'ಕೊಂಡ' ಪುಸ್ತಕಗಳದ್ದೂ ಅಷ್ಟೆ. 2009ರ ಜುಲೈನಲ್ಲಿ ಅಮೆಜಾನ್ ಹಕ್ಕುಸ್ವಾಮ್ಯದ ತಕರಾರಿನಿಂದ ಜಾರ್ಜ್ ಆರ್ವೆಲ್‌ನ ಕಾದಂಬರಿಗಳ ಒಂದು ಆವೃತ್ತಿಯನ್ನು ಗ್ರಾಹಕರ ಕಿಂಡಲ್‌ಗಳಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ, ಹಣ ವಾಪಸ್ಸಾಯಿತು, ಪುಸ್ತಕಗಳು ಹೋದವು. ಬೀಗ ಹಾಕಿದ ಕಡತಗಳ ವಿಷಯದಲ್ಲಿ ನಮ್ಮ ಕೈಲಿರುವುದು ಪುಸ್ತಕವಲ್ಲ, ಓದುವ ಪರವಾನಗಿ. ಹಾಗಾಗಿ ಬೀಗವಿಲ್ಲದ ಕಡತ ಕೊಡುವ ಪ್ರಕಾಶಕರಿದ್ದರೆ ಅಲ್ಲಿಯೇ ಕೊಳ್ಳುವುದು ಮೇಲು. ಹಕ್ಕುಸ್ವಾಮ್ಯ ಮುಗಿದ ಕೃತಿಗಳಿಗೆ ಈ ತೊಂದರೆ ಇಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಕಳೆದರೆ ಕೃತಿ ಸಾರ್ವಜನಿಕವಾಗುತ್ತದೆ.

ಒಳ್ಳೆಯ ತಂತ್ರಾಂಶ ಹೇಗಿರಬೇಕು?

ಇಷ್ಟೂ ಸೇರಿಸಿ ನೋಡಿದರೆ ಒಂದು ಪಟ್ಟಿ ಸಿಗುತ್ತದೆ.

- ಕಡತ ಇರುವ ಜಾಗಕ್ಕೂ ವಿಷಯಕ್ಕೂ ಗಂಟು ಹಾಕಬಾರದು. ಒಂದು ಪುಸ್ತಕಕ್ಕೆ ಒಂದೇ ಜಾಗ, ಬೇಕಾದಷ್ಟು ಟ್ಯಾಗ್.
- ಫೋಲ್ಡರಿನ ಹೆಸರು ಮನುಷ್ಯರಿಗೆ ಅರ್ಥವಾಗಬೇಕು, ಜೊತೆಗೆ ಬದಲಾಗದ ಒಂದು ಸಂಖ್ಯೆಯೂ ಇರಬೇಕು.
- ಪ್ರತಿ ಪುಸ್ತಕದ ಪಕ್ಕದಲ್ಲಿ ಅದರ ವಿವರ ಸರಳ ಪಠ್ಯವಾಗಿ ಇರಬೇಕು. ಡೇಟಾಬೇಸ್ ಹೋದರೂ ಪಟ್ಟಿ ಮತ್ತೆ ಕಟ್ಟುವಂತಿರಬೇಕು.
- ಕನ್ನಡದ ಹೆಸರನ್ನು ಕನ್ನಡದಲ್ಲೇ ಇಡಬೇಕು. ಕ್ಯಾಲಿಬರ್‌ನ ಹಳೆಯ ಆವೃತ್ತಿಗಳು ಫೋಲ್ಡರಿನ ಹೆಸರನ್ನು ರೋಮನ್‌ಗೆ ತಿರುಗಿಸುತ್ತಿದ್ದವು, ಈಚಿನವು ಹಾಗೆ ಮಾಡುವುದಿಲ್ಲ.
- ಹುಡುಕುವಾಗ ಕಾಣದ ಸಂಕೇತಗಳನ್ನು ಕಡೆಗಣಿಸಬೇಕು, ಜೋಡಿಸುವಾಗ ಕನ್ನಡದ ಅಕಾರಾದಿಯನ್ನು ಪಾಲಿಸಬೇಕು.
- ಲೇಖಕರ ಎಲ್ಲ ಹೆಸರುಗಳೂ ಒಂದೇ ದಾಖಲೆಗೆ ಒಯ್ಯಬೇಕು.
- ಮೂಲ ಕಡತವನ್ನು ಕೇಳದೆ ಬದಲಿಸಬಾರದು.
- ಬಿಟ್ಟು ಹೋಗಲು ದಾರಿ ಇರಬೇಕು. ಎಲ್ಲ ಪುಸ್ತಕ, ಎಲ್ಲ ವಿವರಗಳೊಂದಿಗೆ ಬೇರೆ ತಂತ್ರಾಂಶಕ್ಕೆ ಹೋಗುವಂತಿರಬೇಕು.

ಕೊನೆಯದನ್ನು ಜಾಹೀರಾತುಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ಆಯ್ಕೆ ಮಾಡುವಾಗ ಮೊದಲು ಕೇಳಬೇಕಾದ್ದು ಅದನ್ನೇ. ಯಾವ ತಂತ್ರಾಂಶವೂ ಶಾಶ್ವತವಲ್ಲ.

ನಾವು ಈಗಲೇ ಏನು ಮಾಡಬಹುದು?

ಸಾವಿರ ಕಡತಗಳನ್ನು ಒಂದೇ ದಿನ ಸರಿಪಡಿಸಲು ಹೋಗಬೇಡಿ, ಮೂರನೇ ದಿನಕ್ಕೆ ಬೇಸರವಾಗುತ್ತದೆ. ಇನ್ನು ಮುಂದೆ ಬರುವ ಪ್ರತಿ ಪುಸ್ತಕಕ್ಕೆ ನಾಲ್ಕು ವಿವರ ಮಾತ್ರ ಕನ್ನಡದಲ್ಲಿ ತುಂಬಿ: ಶೀರ್ಷಿಕೆ, ಲೇಖಕರು, ವರ್ಷ, ಭಾಷೆ. ಹಳೆಯವನ್ನು ಓದಲು ತೆರೆದಾಗಲೆಲ್ಲ ಒಂದೊಂದಾಗಿ ಸರಿಮಾಡಿ. ಎಲ್ಲಿಂದ ಸಿಕ್ಕಿತು ಎಂದು ಟಿಪ್ಪಣಿಯಲ್ಲಿ ಬರೆಯಿರಿ. ಒಟ್ಟು ಮೂರು ಪ್ರತಿಗಳಿರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಮನೆಯಿಂದ ಹೊರಗಿರಲಿ. ವರ್ಷಕ್ಕೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಪುಸ್ತಕ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಹೇಳಲಾಗದು.

ಇನ್ನೊಂದು ಮಾತು. ನಿಮ್ಮ ಡಿಸ್ಕಿನಲ್ಲಿರುವ ಪಾಸ್‌ವರ್ಡ್, ಫೋಲ್ಡರ್ ಕ್ರಮ, ತಂತ್ರಾಂಶದ ಹೆಸರು ಇವನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ಕಾಗದದ ಪುಸ್ತಕಗಳ ಕಪಾಟನ್ನು ಮೊಮ್ಮಕ್ಕಳು ಎಂದಾದರೂ ತಾವಾಗಿಯೇ ತೆರೆದು ನೋಡುತ್ತಾರೆ. ಹಾರ್ಡ್‌ಡಿಸ್ಕನ್ನು ಹಾಗೆ ಯಾರೂ ತೆರೆಯುವುದಿಲ್ಲ. ಒಳಗೆ ಏನಿದೆ ಎಂಬ ಪಟ್ಟಿಯೊಂದನ್ನು ಮುದ್ರಿಸಿ ಅದರ ಜೊತೆಗೇ ಇಟ್ಟರೆ, ಮುಂದಿನವರು ಅದನ್ನು ಹಳೆಯ ಸಾಮಾನಿನ ಜೊತೆ ಎಸೆಯುವ ಮೊದಲು ಒಮ್ಮೆ ಓದಿಯಾರು.